ಬಂಪರ್ ನ್ಯಾಯ

2012ರ ಆಗಸ್ಟ್ 12. ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಟ್ರ್ಯಾಕಿನಲ್ಲಿ ಅಮೆರಿಕದ ಸ್ಟಾಕ್ ಕಾರ್ ಸಂಸ್ಥೆ ನ್ಯಾಸ್ಕಾರ್ ನಡೆಸುವ ರೇಸಿನ ಕೊನೆಯ ಲ್ಯಾಪ್ ಶುರುವಾದಾಗ ಮುಂದಿದ್ದವನು ಕೈಲ್ ಬುಷ್. ಅವನ ಬೆನ್ನಿಗೆ ಬ್ರ್ಯಾಡ್ ಕೆಸೆಲೋಸ್ಕಿ, ಅವನ ಹಿಂದೆ ಟಾಸ್ಮೇನಿಯದಿಂದ ಬಂದ ಮಾರ್ಕೋಸ್ ಆಂಬ್ರೋಸ್. ಬಾಬಿ ಲಬಾಂಟಿಯ ಕಾರಿನಿಂದ ಆಯಿಲ್ ಸೋರಿ ಟ್ರ್ಯಾಕಿಗೆ ಹರಡಿತ್ತು. ಆದರೂ ವೇಗ ತಗ್ಗಿಸಲು ಹೇಳುವ ಹಳದಿ ಬಾವುಟ ಬರಲಿಲ್ಲ. ಬುಷ್‌ನ ಕಾರು ಜಾರಿ ಓಲಾಡಿದ ಕ್ಷಣದಲ್ಲಿ ಕೆಸೆಲೋಸ್ಕಿಯ ಕಾರು ಅದರ ಹಿಂಬದಿಗೆ ಬಡಿಯಿತು. ಬುಷ್ ಗಿರ್ರನೆ ತಿರುಗಿಹೋದ. ಉಳಿದ ಇಬ್ಬರು ಮಿಕ್ಕ ಲ್ಯಾಪನ್ನೆಲ್ಲ ಒಬ್ಬರನ್ನೊಬ್ಬರು ಗುದ್ದುತ್ತ, ಹುಲ್ಲಿಗಿಳಿದು ಮತ್ತೆ ಡಾಂಬರಿಗೆ ಹತ್ತುತ್ತ ಓಡಿಸಿದರು. ಆಂಬ್ರೋಸ್ ಗೆದ್ದ. ಸೋತ ಕೆಸೆಲೋಸ್ಕಿಗೂ ಗೆದ್ದವನಷ್ಟೇ ಖುಷಿ. ಬುಷ್ 7ನೆಯವನಾಗಿ ಮುಗಿಸಿದ. ಆ ವರ್ಷದ ಚಾಂಪಿಯನ್‌ಷಿಪ್ ಸುತ್ತು ಅವನ ಕೈತಪ್ಪಿದ್ದು 3 ಅಂಕಗಳಿಂದ. ಚಾಂಪಿಯನ್ ಆದವನು ಕೆಸೆಲೋಸ್ಕಿ.

ಒಂದೇ ಲ್ಯಾಪಿನಲ್ಲಿ ಎರಡು ಬಗೆಯ ಗುದ್ದು. ಒಂದರಿಂದ ಒಬ್ಬನ ಗೆಲುವೇ ಕೈತಪ್ಪಿತು. ಇನ್ನೊಂದರಿಂದ ಇಬ್ಬರ ರೇಸೂ ರಂಗೇರಿತು. ಇವೆರಡನ್ನೂ ಒಂದೇ ಎಂದು ನೋಡುವವರು ಎರಡು ಪಂಗಡದಲ್ಲಿದ್ದಾರೆ. ಸ್ಟಾಕ್ ಕಾರ್ ರೇಸಿನ ಹಳೆಯ ಅಭಿಮಾನಿಗಳಿಗೆ ತಾಗುವುದೇ ಆಟ. ಬೇಡವೆನ್ನುವವರು ಫಾರ್ಮುಲಾ ಒನ್ ನೋಡಿಕೊಳ್ಳಲಿ ಎನ್ನುತ್ತಾರೆ. ಫಾರ್ಮುಲಾ ಒನ್ ನೋಡಿ ಬೆಳೆದವರಿಗೆ ತಾಗುವುದೇ ಅನಾಗರಿಕತೆ, ಓಡಿಸಲು ಬಾರದವರು ಹಿಡಿಯುವ ಅಡ್ಡದಾರಿ. ಕಬಡ್ಡಿ ಬಲ್ಲವರಿಗೆ ಈ ಜಗಳ ವಿಚಿತ್ರವಾಗಿ ಕಾಣಬೇಕು. ಅಲ್ಲಿ ಕಾಲು ಹಿಡಿದು ಎಳೆಯುವುದು ಕೌಶಲ, ಕೂದಲು ಹಿಡಿದು ಎಳೆಯುವುದು ಫೌಲ್. ಮೈ ಮುಟ್ಟುವುದು ಸರಿಯೋ ತಪ್ಪೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮೈ ಮುಟ್ಟುವ ಆಟಕ್ಕೂ ಅದರದೇ ಮರ್ಯಾದೆ ಇರುತ್ತದೆ. ಸ್ಟಾಕ್ ಕಾರ್ ರೇಸಿಗೂ ಇದೆ. ಆ ಮರ್ಯಾದೆ ಕಾಯುವ ಕೆಲಸವನ್ನು ನ್ಯಾಸ್ಕಾರ್ ತಾನು ಮಾಡದೆ ಚಾಲಕರ ಸೇಡಿಗೆ ಬಿಟ್ಟುಕೊಟ್ಟಿದೆ. ರೋಡ್ ಕೋರ್ಸುಗಳಲ್ಲಿ ಅದರ ಪರಿಣಾಮ ಎದ್ದು ಕಾಣುತ್ತಿದೆ ಎಂಬುದು ನನ್ನ ವಾದ.

ರೋಡ್ ಕೋರ್ಸುಗಳಲ್ಲಿ ಏಕೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. 1948ರಲ್ಲಿ ಫ್ಲಾರಿಡಾದ ಡೇಟೋನಾ ಬೀಚಿನಲ್ಲಿ ಹುಟ್ಟಿದ ನ್ಯಾಸ್ಕಾರ್‌ನ ನಿಜವಾದ ನೆಲೆ ಓವಲ್. ಬರೀ ಎಡಕ್ಕೆ ತಿರುಗುವ ಅಂಡಾಕಾರದ ಟ್ರ್ಯಾಕು ಅದು. ಎಡಬಲ ತಿರುವುಗಳೂ ಏರಿಳಿತಗಳೂ ಇರುವ ರೋಡ್ ಕೋರ್ಸುಗಳು ಬಹುಕಾಲ ವರ್ಷಕ್ಕೆ ಎರಡೇ ಇದ್ದವು: ಕ್ಯಾಲಿಫೋರ್ನಿಯದ ಸೊನೋಮಾ ಮತ್ತು ವಾಟ್ಕಿನ್ಸ್ ಗ್ಲೆನ್. 2021ರಲ್ಲಿ ಅವು 7ಕ್ಕೆ ಏರಿದವು. ಓವಲ್‌ನಲ್ಲಿ ಗಂಟೆಗೆ 290 ಕಿಲೋಮೀಟರ್ ವೇಗದಲ್ಲಿ ಮುಂದಿನ ಕಾರಿಗೆ ತಾಗಿಸುವವನು ಅದರ ಚಾಲಕನ ಜೀವವನ್ನೂ ತನ್ನ ಜೀವವನ್ನೂ ಪಣಕ್ಕೆ ಒಡ್ಡುತ್ತಾನೆ. ಆ ಭಯವೇ ಅರ್ಧ ಶಿಸ್ತು. ಸೊನೋಮಾದ 11ನೇ ತಿರುವಿನಂಥ, ಹೆಚ್ಚುಕಡಿಮೆ ಹಿಂದಕ್ಕೇ ಹೊರಳುವ ಹೇರ್‌ಪಿನ್‌ನಲ್ಲಿ ಕಾರುಗಳು ಪೇಟೆಯ ರಸ್ತೆಯ ವೇಗಕ್ಕೆ ಇಳಿಯುತ್ತವೆ. ಅಲ್ಲಿ ಗುದ್ದಿದರೆ ಯಾರಿಗೂ ಗಾಯವಾಗುವುದಿಲ್ಲ. ಗಾಯವಾಗದ ಗುದ್ದಿನಲ್ಲಿ ತಪ್ಪೇನಿದೆ ಎಂಬ ಸಮಾಧಾನ ಚಾಲಕನಿಗೂ ಸಿಗುತ್ತದೆ, ಸಂಸ್ಥೆಗೂ ಸಿಗುತ್ತದೆ.

ಇನ್ನೊಂದು ತಾಂತ್ರಿಕ ಕಾರಣವಿದೆ, ಅದು ಇನ್ನೂ ಮುಖ್ಯ. ಚಾಲಕನನ್ನೂ ಸೇರಿಸಿದರೆ ಸ್ಟಾಕ್ ಕಾರಿನ ತೂಕ ಒಂದೂವರೆ ಟನ್ನಿನಷ್ಟು, ಹೆಚ್ಚುಕಡಿಮೆ ಎರಡು ಫಾರ್ಮುಲಾ ಒನ್ ಕಾರಿನಷ್ಟು. ಉದ್ದನೆಯ ನೇರ ದಾರಿಯ ಕೊನೆಗೆ ಇಷ್ಟು ಭಾರವನ್ನು ಹೇರ್‌ಪಿನ್ ವೇಗಕ್ಕೆ ಇಳಿಸುವುದೇ ರೋಡ್ ಕೋರ್ಸ್ ಚಾಲನೆಯ ಕಷ್ಟದ ಕಲೆ. ಮುಂದಿರುವವನು ತಿರುವು ಹಿಡಿಯಬೇಕಾದರೆ ಸರಿಯಾದ ಜಾಗದಲ್ಲಿ ಬ್ರೇಕ್ ಹಾಕಲೇಬೇಕು. ಒಳಬದಿಯಿಂದ ತಡವಾಗಿ ನುಗ್ಗುವವನಿಗೆ ಆ ಕಟ್ಟುಪಾಡಿಲ್ಲ, ಏಕೆಂದರೆ ಅವನ ಬ್ರೇಕು ಸಾಲದೆ ಹೋದರೆ ಮುಂದಿನವನ ಕಾರೇ ಅವನಿಗೆ ಬ್ರೇಕ್ ಆಗುತ್ತದೆ. ಗುದ್ದಿದವನು ವೇಗ ಕಳೆದುಕೊಂಡು ತಿರುವಿನೊಳಗೆ ಉಳಿಯುತ್ತಾನೆ; ಗುದ್ದಿಸಿಕೊಂಡವನು ಹೊರಗೆ ಜಾರುತ್ತಾನೆ. ಎಂದರೆ ಲೆಕ್ಕ ತಪ್ಪಿದವನಿಗೆ ಬಹುಮಾನ, ಲೆಕ್ಕ ಸರಿಯಾಗಿ ಹಾಕಿದವನಿಗೆ ದಂಡ. ಚಕ್ರಗಳು ತೆರೆದಿರುವ ಫಾರ್ಮುಲಾ ಕಾರಿನಲ್ಲಿ ಹೀಗೆ ಮಾಡಲು ಹೋದರೆ ಮೊದಲು ಮುರಿಯುವುದು ಗುದ್ದಿದವನ ರೆಕ್ಕೆ. ಹಳೆಯ ಸ್ಟಾಕ್ ಕಾರಿನಲ್ಲೂ ಸಣ್ಣ ಭಯವೊಂದಿತ್ತು: ತಗಡು ಒಳಗೆ ಮಡಚಿ ಟೈರಿಗೆ ಉಜ್ಜಿದರೆ ಟೈರ್ ಪಂಕ್ಚರ್. 2022ರಲ್ಲಿ ಬಂದ ನೆಕ್ಸ್ಟ್ ಜೆನ್ ಕಾರಿನ ಗಟ್ಟಿ ಕಾಂಪೊಸಿಟ್ ಮೈ ಆ ಭಯವನ್ನೂ ಬಹುಮಟ್ಟಿಗೆ ಕಳೆಯಿತು.

ಹಾಗಾದರೆ ತಳ್ಳುವುದಕ್ಕೂ ಕೆಡಹುವುದಕ್ಕೂ ನಡುವಿನ ಗೆರೆ ಎಲ್ಲಿ? 2016ರ ಜೂನ್ 26ರ ಸೊನೋಮಾ ರೇಸನ್ನು ತೆಗೆದುಕೊಳ್ಳಿ. ಟೋನಿ ಸ್ಟುವರ್ಟ್‌ಗೆ ಅದು ನಿವೃತ್ತಿಯ ವರ್ಷ. ಬೆನ್ನುಮೂಳೆ ಮುರಿದು ಆ ಋತುವಿನ ಮೊದಲ 8 ರೇಸುಗಳನ್ನು ಅವನು ತಪ್ಪಿಸಿಕೊಂಡಿದ್ದ. ಕೊನೆಯ ಲ್ಯಾಪಿನಲ್ಲಿ ಅವನು ಮುಂದಿದ್ದಾಗ 7ನೇ ತಿರುವಿನಲ್ಲಿ ಡೆನಿ ಹ್ಯಾಮ್ಲಿನ್ ಅವನನ್ನು ತಾಗಿಸಿ ದಾಟಿದ. ಕೊನೆಯ ತಿರುವಾದ 11ರಲ್ಲಿ ಹ್ಯಾಮ್ಲಿನ್ ತುಸು ಹೊರಗೆ ಸರಿದ; ಸ್ಟುವರ್ಟ್ ಒಳಬದಿಗೆ ನುಗ್ಗಿ, ಅವನ ಬಾಗಿಲಿಗೆ ಒರಗಿ, ಗೋಡೆಯವರೆಗೂ ತಳ್ಳಿಕೊಂಡೇ ಹೋಗಿ ಗೆದ್ದ. ಅದು ಅವನ 49ನೇ ಗೆಲುವು, ಕೊನೆಯದು ಕೂಡ. ಸೌಮ್ಯವಾದ ಚಾಲನೆ ಎಂದು ಇದನ್ನು ಯಾರೂ ಕರೆಯಲಾರರು. ಆದರೂ ನಾನು ಇದನ್ನು ಅನ್ಯಾಯ ಎನ್ನುವುದಿಲ್ಲ. ಹ್ಯಾಮ್ಲಿನ್ ಗಿರ್ರನೆ ತಿರುಗಿಹೋಗಲಿಲ್ಲ, ಎರಡನೆಯವನಾಗಿ ಮುಗಿಸಿದ. ಬಾಗಿಲು ತೆರೆದಿಟ್ಟದ್ದು ಅವನೇ. ಸ್ಟುವರ್ಟ್ ಒಳಗೆ ಬಂದದ್ದು ತನ್ನ ಬ್ರೇಕಿನ ಬಲದಿಂದ, ಹ್ಯಾಮ್ಲಿನ್‌ನ ಬಂಪರಿನ ಬಲದಿಂದಲ್ಲ. ಗೆರೆ ಎಳೆಯಲು ನಾನು ಕೇಳುವುದು ಎರಡು ಪ್ರಶ್ನೆ. ತಳ್ಳಿಸಿಕೊಂಡವನಿಗೆ ಮರುತ್ತರ ಕೊಡಲು ಕಾರು ಉಳಿದಿತ್ತೇ ಎಂಬುದು ಮೊದಲನೆಯದು. ತಳ್ಳಿದವನು ಎದುರಾಳಿ ಅಲ್ಲಿಲ್ಲದಿದ್ದರೂ ಆ ತಿರುವನ್ನು ಹಿಡಿಯಬಲ್ಲವನಾಗಿದ್ದನೇ ಎಂಬುದು ಎರಡನೆಯದು. ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಅದು ಆಕ್ರಮಣಕಾರಿ ಚಾಲನೆ, ನೋಡಿ ಚಪ್ಪಾಳೆ ತಟ್ಟುವಂಥದ್ದು.

ಉದ್ದೇಶದ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ. 2018ರಲ್ಲಿ ಓವಲ್ಲಿಗೆ ರೋಡ್ ಕೋರ್ಸ್ ಬೆಸೆದ ಷಾರ್ಲೆಟ್ ರೋವಲ್‌ನ ಮೊದಲ ರೇಸಿನಲ್ಲಿ ಕೊನೆಯ ಅಂಕುಡೊಂಕು ತಿರುವಾದ ಚಿಕೇನ್‌ನಲ್ಲಿ ಜಿಮ್ಮಿ ಜಾನ್ಸನ್ ಮಾರ್ಟಿನ್ ಟ್ರೂಎಕ್ಸ್‌ನನ್ನು ದಾಟಲು ಹೋಗಿ ತಾನೂ ತಿರುಗಿ ಅವನನ್ನೂ ತಿರುಗಿಸಿದ. ಹಿಂದಿದ್ದ ರಯನ್ ಬ್ಲೇನಿ ಗೆದ್ದ. ಜಾನ್ಸನ್ ಚಾಂಪಿಯನ್ನನನ್ನು ನಿರ್ಧರಿಸುವ ಪ್ಲೇಆಫ್‌ನಿಂದಲೇ ಹೊರಬಿದ್ದ. ಸುಮ್ಮನೆ ಎರಡನೆಯವನಾಗಿ ಮುಗಿಸಿದ್ದರೆ ಅವನು ಉಳಿಯುತ್ತಿದ್ದ! ಏಳು ಸಲದ ಚಾಂಪಿಯನ್‌ಗೆ ದುರುದ್ದೇಶವೇನೂ ಇರಲಿಲ್ಲ, ಬ್ರೇಕಿನ ಲೆಕ್ಕ ತಪ್ಪಿತು ಅಷ್ಟೆ. ಆದರೆ ಟ್ರೂಎಕ್ಸ್‌ನ ಗೆಲುವು ಹೋದದ್ದು ಹೋಯಿತು. ಚಾಲಕನ ಮನಸ್ಸಿನಲ್ಲಿ ಏನಿತ್ತೆಂದು ಅಳೆಯಹೊರಟರೆ ಎಲ್ಲರೂ ನಿರಪರಾಧಿಗಳೇ. ಅಳೆಯಬಹುದಾದದ್ದು ಟ್ರ್ಯಾಕಿನ ಮೇಲೆ ಆದದ್ದು ಮಾತ್ರ.

ಈಗ ನ್ಯಾಸ್ಕಾರ್ ವಿಷಯಕ್ಕೆ ಬರೋಣ. 2010ರ ಜನವರಿಯಲ್ಲಿ ಅದರ ಹಿರಿಯ ಅಧಿಕಾರಿ ರಾಬಿನ್ ಪೆಂಬರ್ಟನ್, ಇನ್ನು ಹುಡುಗರು ತಮ್ಮೊಳಗೇ ನೋಡಿಕೊಳ್ಳಲಿ ಎಂಬ ಅರ್ಥದ ಮಾತೊಂದನ್ನು ಆಡಿದರು. ಅಭಿಮಾನಿಗಳಿಗೆ ಆ ಮಾತು ಹಿಡಿಸಿತು. ಎರಡು ತಿಂಗಳೊಳಗೆ ಅಟ್ಲಾಂಟಾದ ಓವಲ್‌ನಲ್ಲಿ ಕಾರ್ಲ್ ಎಡ್ವರ್ಡ್ಸ್ ಹಳೆಯ ಲೆಕ್ಕ ಚುಕ್ತಾ ಮಾಡಲು ಕೆಸೆಲೋಸ್ಕಿಯನ್ನು ಗುದ್ದಿದ; ಕೆಸೆಲೋಸ್ಕಿಯ ಕಾರು ಗಾಳಿಗೆ ಎದ್ದು ಮಗುಚಿತು. ಶಿಕ್ಷೆ? 3 ರೇಸುಗಳ ಪ್ರೊಬೇಷನ್. ಮರುವರ್ಷ ಸೊನೋಮಾದಲ್ಲಿ ಸ್ಟುವರ್ಟ್ ಬ್ರಯನ್ ವಿಕರ್ಸ್‌ನನ್ನು ತಿರುಗಿಸಿದ. ತನಗೆ ದಾರಿ ಬಿಡದೆ ಬ್ಲಾಕ್ ಮಾಡಿದ್ದಕ್ಕೇ ಹಾಗೆ ಮಾಡಿದೆ, ಯಾರು ಬ್ಲಾಕ್ ಮಾಡಿದರೂ ಅಷ್ಟೇ ಎಂದು ಬಹಿರಂಗವಾಗಿಯೇ ಹೇಳಿದ. ವಿಕರ್ಸ್ ಕಾದು ಕೂತು ಅದೇ 11ನೇ ತಿರುವಿನಲ್ಲಿ ಮುಯ್ಯಿ ತೀರಿಸಿದ; ಸ್ಟುವರ್ಟ್‌ನ ಕಾರಿನ ಹಿಂಭಾಗ ಟೈರುಗಳ ತಡೆಗೋಡೆಯ ಮೇಲೆ ಹೋಗಿ ಕೂತಿತು.

ಈ ಮುಯ್ಯಿಯ ವ್ಯವಸ್ಥೆಗೆ ಅದರದೇ ಸಮರ್ಥನೆಯಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಇಂದು ನೀನು ಕೆಡವಿದರೆ ಮುಂದಿನ ವಾರ ನಾನು ಕೆಡವುತ್ತೇನೆ ಎಂಬ ಅರಿವೇ ಎಲ್ಲರನ್ನೂ ಹದ್ದುಬಸ್ತಿನಲ್ಲಿಡುತ್ತದೆ. ಮೇಲೆ ಕೂತ ಅಧಿಕಾರಿಗಿಂತ ಪಕ್ಕದಲ್ಲಿ ಓಡುತ್ತಿರುವವನಿಗೆ ಸತ್ಯ ಚೆನ್ನಾಗಿ ಗೊತ್ತಿರುತ್ತದೆ ಎನ್ನುತ್ತಾರೆ. ವರ್ಷಕ್ಕೆ 36 ಅಂಕದ ರೇಸುಗಳಲ್ಲಿ ಅದೇ ಜನ ಮತ್ತೆ ಮತ್ತೆ ಎದುರಾಗುವ ಆಟದಲ್ಲಿ ಈ ಮಾತಿಗೆ ತೂಕವಿದೆ. ಆದರೆ ಇಲ್ಲಿ ಸಾಲ ಎಷ್ಟೆಂದು ಬರೆದುಕೊಳ್ಳುವವನೂ ವಸೂಲಿಗೆ ಬರುವವನೂ ಒಬ್ಬನೇ. ಬ್ಲಾಕ್ ಮಾಡಿದ್ದಕ್ಕೆ ಕೆಡಹುವುದೇ ಸರಿಯಾದ ಬೆಲೆ ಎಂದು ತೀರ್ಮಾನಿಸಿದ್ದು ಸ್ಟುವರ್ಟ್, ನಿಯಮಪುಸ್ತಕದಲ್ಲಿ ಅದಿಲ್ಲ. ಎರಡು ಚಾಂಪಿಯನ್‌ಷಿಪ್ ಗೆದ್ದು ಸ್ವಂತ ತಂಡವನ್ನೇ ಕಟ್ಟಿದ್ದವನು ಹಾಗೆ ಹೇಳಬಲ್ಲ. ಪ್ರಾಯೋಜಕರು ಈ ವರ್ಷ ಉಳಿದಾರೋ ಇಲ್ಲವೋ ಎಂಬ ಚಿಂತೆಯಲ್ಲಿರುವ ಹೊಸ ಹುಡುಗ ಯಾರ ಮೇಲೆ ಮುಯ್ಯಿ ತೀರಿಸಲು ಹೋದಾನು? ಸೇಡಿನ ನ್ಯಾಯ ಸಮಾನರ ನಡುವೆ ಮಾತ್ರ ನ್ಯಾಯದ ಹಾಗೆ ಕಾಣುತ್ತದೆ.

ನ್ಯಾಸ್ಕಾರ್ ಶಿಕ್ಷಿಸುವುದೇ ಇಲ್ಲವೆಂದಲ್ಲ. ಯಾವುದನ್ನು ಶಿಕ್ಷಿಸುತ್ತದೆ ಎಂಬುದನ್ನು ಗಮನಿಸಬೇಕು. 2022ರಲ್ಲಿ ಲಾಸ್ ವೇಗಸ್‌ನಲ್ಲಿ ಕೈಲ್ ಲಾರ್ಸನ್‌ನನ್ನು ಗೋಡೆಗೆ ಕೆಡವಿದ ಬಬ್ಬಾ ವಾಲೇಸ್‌ಗೆ, 2023ರಲ್ಲಿ ಷಾರ್ಲೆಟ್ ಓವಲ್‌ನಲ್ಲಿ ಹ್ಯಾಮ್ಲಿನ್‌ನ ಹಿಂದಿನ ಬಲಮೂಲೆಗೆ ಬಡಿದ ಚೇಸ್ ಎಲಿಯಟ್‌ಗೆ ಒಂದೊಂದು ರೇಸಿನ ನಿಷೇಧ ಬಿತ್ತು. ಎರಡೂ ಪ್ರಾಣಾಪಾಯದ ಗುದ್ದುಗಳು, ಶಿಕ್ಷೆ ಸರಿಯೇ. ಅದೇ 2023ರ ಮಾರ್ಚಿನಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿರುವ ಸರ್ಕಿಟ್ ಆಫ್ ದಿ ಅಮೆರಿಕಾಸ್ ಟ್ರ್ಯಾಕಿನಲ್ಲಿ ಪ್ರತಿ ರೀಸ್ಟಾರ್ಟ್‌ಗೂ ಗುಡ್ಡದ ತುದಿಯ ಮೊದಲ ತಿರುವಿನಲ್ಲಿ ಕಾರಿನ ಮೇಲೆ ಕಾರು ಬಿದ್ದಂಥ ನೂಕುನುಗ್ಗಲು. ಫಾರ್ಮುಲಾ ಒನ್ ಚಾಂಪಿಯನ್ನರಾದ ಕಿಮಿ ರೈಕೊನನ್, ಜೆನ್ಸನ್ ಬಟನ್ ಇಬ್ಬರೂ ಆ ದಿನ ಅಲ್ಲಿದ್ದರು, ಅವರಿಗೆ ಏನನ್ನಿಸಿತೋ. ಆ ನೂಕಾಟದಲ್ಲಿ ಗಿರ್ರನೆ ತಿರುಗಿಹೋದ ಡೇನಿಯಲ್ ಸುವಾರೆಸ್, ರೇಸ್ ಮುಗಿದ ಮೇಲೆ ಪಿಟ್ ರೋಡಿನಲ್ಲಿ ಸಿಟ್ಟಿಗೆದ್ದು ಇಬ್ಬರ ಕಾರುಗಳಿಗೆ ತನ್ನ ಕಾರು ತಾಗಿಸಿದ. ಅವನಿಗೆ 50,000 ಡಾಲರ್ ದಂಡ. ಜನ ಓಡಾಡುವ ಪಿಟ್ ರೋಡಿನಲ್ಲಿ ಹಾಗೆ ಮಾಡಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ರೇಸನ್ನು ಹಾಳುಗೆಡವಿದ ತಿರುವಿನ ಗುದ್ದು ಯಾರ ಕಡತಕ್ಕೂ ಏರಲಿಲ್ಲ. ಅಪಾಯಕ್ಕೆ ಶಿಕ್ಷೆಯಿದೆ, ಅನ್ಯಾಯಕ್ಕೆ ಇಲ್ಲ. ನಿಧಾನದ ತಿರುವುಗಳ ರೋಡ್ ಕೋರ್ಸು ಹೀಗೆ ತಾನಾಗಿ ಕಾನೂನಿನ ಹೊರಗೆ ಬೀಳುತ್ತದೆ.

ಈ ನೂಕಾಟಕ್ಕೆ ಚಾಲಕರ ಸಂಸ್ಕಾರವನ್ನಷ್ಟೇ ದೂರುವುದು ಸುಲಭ, ಸರಿಯಲ್ಲ. 2014ರಲ್ಲಿ ಒಂದು ರೇಸ್ ಗೆದ್ದರೆ ಪ್ಲೇಆಫ್‌ಗೆ ಹೆಚ್ಚುಕಡಿಮೆ ಖಚಿತ ಪ್ರವೇಶ ಎಂಬ ನಿಯಮ ಬಂತು. ಇಡೀ ವರ್ಷ ಹಿಂದೆ ಬಿದ್ದವನಿಗೂ ಒಂದೇ ಒಂದು ಗುದ್ದಿನಿಂದ ವರ್ಷವನ್ನು ಉಳಿಸಿಕೊಳ್ಳುವ ಆಸೆ ಹುಟ್ಟಿತು. ಕೊನೆಯಲ್ಲಿ ಹಳದಿ ಬಾವುಟ ಬಂದರೆ ಎಲ್ಲರನ್ನೂ ಎರಡು ಸಾಲಿನಲ್ಲಿ ಒತ್ತಾಗಿ ನಿಲ್ಲಿಸಿ ಓವರ್‌ಟೈಮ್ ಓಡಿಸುವ ಪದ್ಧತಿ ಬೇರೆ. ಇಷ್ಟೆಲ್ಲ ಆಮಿಷ ಒಡ್ಡಿ ಸಭ್ಯತೆಯನ್ನು ನಿರೀಕ್ಷಿಸುವುದು ಯಾವ ನ್ಯಾಯ? 2024ರ ಆಗಸ್ಟಿನಲ್ಲಿ ರಿಚ್ಮಂಡ್ ಓವಲ್‌ನ ಕೊನೆಯ ಲ್ಯಾಪಿನಲ್ಲಿ ಆಸ್ಟಿನ್ ಡಿಲನ್ ಜೋಯಿ ಲೊಗಾನೊನನ್ನೂ ಹ್ಯಾಮ್ಲಿನ್‌ನನ್ನೂ ಕೆಡವಿ ಗೆದ್ದಾಗ ನ್ಯಾಸ್ಕಾರ್ ಗೆಲುವನ್ನು ದಾಖಲೆಯಲ್ಲಿ ಉಳಿಸಿ, ಅದರಿಂದ ಬರುವ ಪ್ಲೇಆಫ್ ಪ್ರವೇಶವನ್ನು ಕಿತ್ತುಕೊಂಡಿತು. ತನ್ನ ನಿಯಮದ ಫಲವನ್ನು ತಾನೇ ನುಂಗಲಾರದೆ ಹೋಯಿತು ಎನ್ನಬೇಕು. 2026ರಿಂದ ಆ ನೇರ ಪ್ರವೇಶವನ್ನೇ ಕೈಬಿಟ್ಟು ಅಂಕಗಳ ಲೆಕ್ಕಕ್ಕೆ ಮರಳಿದೆ. ಒಳ್ಳೆಯದು. ಆದರೆ ಆಮಿಷ ಕಡಿಮೆಯಾದರೆ ಅಪರಾಧ ಕಡಿಮೆಯಾದೀತು, ಅಪರಾಧವೇನೆಂದು ಹೇಳುವ ನಿಯಮ ಹುಟ್ಟುವುದಿಲ್ಲ.

ಅಂಥ ನಿಯಮ ಬೇರೆ ಕಡೆ ಇದೆ. ಆಸ್ಟ್ರೇಲಿಯದ ಸೂಪರ್‌ಕಾರ್ಸ್ ಸರಣಿಯ ಕಾರುಗಳೂ ಭಾರದವೇ, ಬಾಗಿಲಿಗೆ ಬಾಗಿಲು ಉಜ್ಜುವಂಥವೇ. ಅಲ್ಲಿ ಒಬ್ಬನನ್ನು ಗುದ್ದಿ ಅವನ ಸ್ಥಾನ ಕಸಿದುಕೊಂಡವನು ಮುಂದಿನ ತಿರುವುಗಳೊಳಗೆ ನಿಧಾನಿಸಿ ಆ ಸ್ಥಾನವನ್ನು ಹಿಂದಿರುಗಿಸುವ ರೂಢಿಯಿದೆ. ಹಿಂದಿರುಗಿಸಿದರೆ ಮಾತು ಮುಗಿಯಿತು, ಇಲ್ಲವಾದರೆ ದಂಡ. ತಪ್ಪು ಮಾಡಿದವನಿಗೆ ಅದನ್ನು ಅಲ್ಲೇ ಸರಿಪಡಿಸಲು ಗೌರವದ ದಾರಿಯೊಂದಿದೆ; ಸೇಡು ಕಾದಿಟ್ಟುಕೊಳ್ಳುವ ಪ್ರಮೇಯವೇ ಬರುವುದಿಲ್ಲ. ಆಂಬ್ರೋಸ್ ಬೆಳೆದದ್ದು ಆ ಗರಡಿಯಲ್ಲಿ. ಅದೇ ಸರಣಿಯನ್ನು ಮೂರು ಸಲ ಗೆದ್ದ ನ್ಯೂಜಿಲೆಂಡಿನ ಶೇನ್ ವಾನ್ ಗಿಸ್ಬರ್ಗನ್ 2023ರಲ್ಲಿ ಷಿಕಾಗೊ ಬೀದಿಗಳಲ್ಲಿ ನ್ಯಾಸ್ಕಾರ್ ಸಂಸ್ಥೆಯ ಮೇಲ್ಮಟ್ಟದ ಸರಣಿಯಾದ ಕಪ್‌ನಲ್ಲಿ ತನ್ನ ಮೊದಲ ರೇಸನ್ನೇ ಗೆದ್ದ. ಮೊದಲ ರೇಸಿನಲ್ಲೇ ಒಬ್ಬ ಗೆದ್ದದ್ದು 60 ವರ್ಷಗಳಲ್ಲಿ ಅದೇ ಮೊದಲು. 2025ರಲ್ಲಿ ಮೆಕ್ಸಿಕೊ ಸಿಟಿ, ಷಿಕಾಗೊ, ಸೊನೋಮಾ, ವಾಟ್ಕಿನ್ಸ್ ಗ್ಲೆನ್, ರೋವಲ್ ಐದನ್ನೂ ಗೆದ್ದ. ಮೆಕ್ಸಿಕೊದಲ್ಲಿ ಅವನ ಅಂತರ 16 ಸೆಕೆಂಡಿಗೂ ಹೆಚ್ಚು. ಅವನೇನು ಸಾಧುವಲ್ಲ, ಜಾಗ ಕಂಡರೆ ನುಗ್ಗುತ್ತಾನೆ. ಆದರೆ ಇನ್ನೊಬ್ಬನ ಬಂಪರನ್ನು ನಂಬದೆ ಬ್ರೇಕ್ ಹಾಕಲು ಕಲಿತವನು ಎಷ್ಟು ವೇಗವಾಗಿ ಹೋಗಬಲ್ಲ ಎಂಬುದನ್ನು ಅವನು ಅಮೆರಿಕದವರಿಗೆ ತೋರಿಸಿದ.

ಆಸ್ಟ್ರೇಲಿಯದವರೆಗೆ ಹೋಗುವುದೂ ಬೇಕಿಲ್ಲ. ಅಮೆರಿಕದಲ್ಲಿ ಸ್ಪೋರ್ಟ್ಸ್ ಕಾರ್ ರೇಸುಗಳನ್ನು ನಡೆಸುವ ಐಎಂಎಸ್‌ಎ ಸಂಸ್ಥೆಯ ಒಡೆತನ ನ್ಯಾಸ್ಕಾರ್‌ನದೇ. ವಾಟ್ಕಿನ್ಸ್ ಗ್ಲೆನ್ ಟ್ರ್ಯಾಕಿನ ಒಡೆತನವೂ ಅದರದೇ. ಅಲ್ಲಿ ಐಎಂಎಸ್‌ಎ 6 ಗಂಟೆಗಳ ರೇಸ್ ನಡೆಸುವಾಗ ಮೊದಲ ತಿರುವಿನಲ್ಲಿ ಒಬ್ಬ ಇನ್ನೊಬ್ಬನನ್ನು ತಿರುಗಿಸಿದರೆ ಹೊಣೆ ಯಾರದೆಂದು ಅಧಿಕಾರಿಗಳು ನೋಡುತ್ತಾರೆ. ತಪ್ಪಿತಸ್ಥ ಪಿಟ್ ಲೇನಿನ ಮೂಲಕ ನಿಧಾನವಾಗಿ ಹಾದುಹೋಗಿ ಸಮಯ ಕಳೆದುಕೊಳ್ಳಬೇಕು. ಕಪ್ ರೇಸಿನ ದಿನ ಅದೇ ಮೊದಲ ತಿರುವಿನಲ್ಲಿ ಅದೇ ಗುದ್ದು ಬಿದ್ದರೆ ಅದು ಮನರಂಜನೆ. ಒಂದೇ ಮಾಲೀಕ, ಒಂದೇ ತಿರುವು, ಎರಡು ಧರ್ಮ. ಇದು ಸ್ಟಾಕ್ ಕಾರಿನ ಜಾಯಮಾನ, ಏನೂ ಮಾಡಲಾಗದು ಎನ್ನುವವರು ಇದಕ್ಕೆ ಏನು ಹೇಳುತ್ತಾರೋ ಗೊತ್ತಿಲ್ಲ.

ಕಪ್ ರೇಸಿಗೂ ಇಂಥ ನಿಯಮ ತಂದರೆ ಆಟ ಸಪ್ಪೆಯಾಗುತ್ತದೆ ಎಂಬುದು ಸಾಮಾನ್ಯ ಆಕ್ಷೇಪ. ಸಪ್ಪೆಯಾಗಬೇಕಿಲ್ಲ. 2012ರ ಆಂಬ್ರೋಸ್-ಕೆಸೆಲೋಸ್ಕಿ ಗುದ್ದಾಟ ನಾನು ಹೇಳುವ ಅಳತೆಯಲ್ಲಿ ಪೂರ್ತಿ ಸಕ್ರಮ, 2016ರ ಸ್ಟುವರ್ಟ್ ಗೆಲುವೂ ಸಕ್ರಮ. ಬುಷ್ ತಿರುಗಿದ ಪ್ರಸಂಗದಲ್ಲಿ ನಾನು ಕೆಸೆಲೋಸ್ಕಿಯನ್ನು ದೂರುವುದಿಲ್ಲ; ಆಯಿಲ್ ಬಿದ್ದ ಟ್ರ್ಯಾಕಿಗೆ ಹಳದಿ ಬಾವುಟ ತೋರಿಸದವರು ಅಲ್ಲಿ ಮೊದಲ ಹೊಣೆಗಾರರು.

ಗಟ್ಟಿಯಾದ ಆಕ್ಷೇಪ ಬೇರೆಯದು: ಕೊನೆಯ ಲ್ಯಾಪಿನಲ್ಲಿ ಸ್ಥಾನ ಹಿಂದಿರುಗಿಸಲು ಸಮಯವೆಲ್ಲಿ? ಆಗ ತೀರ್ಪು ಅಧಿಕಾರಿಗಳ ಗೋಪುರದಿಂದಲೇ ಬರಬೇಕು. ಅದನ್ನು ನ್ಯಾಸ್ಕಾರ್ ಒಮ್ಮೆ ಮಾಡಿದೆ. 1991ರ ಜೂನಿನಲ್ಲಿ ಸೊನೋಮಾದಲ್ಲಿ ಕೊನೆಗೆ ಒಂದು ಲ್ಯಾಪ್ ಉಳಿದಿರುವಾಗ ರಿಕಿ ರಡ್ 11ನೇ ತಿರುವಿನಲ್ಲಿ ಡೇವಿ ಅಲಿಸನ್‌ನನ್ನು ತಿರುಗಿಸಿ ಮುಂದೆ ಹೋದ. ಗೆರೆಯನ್ನು ಮೊದಲು ದಾಟಿದವನು ರಡ್. ಅವನಿಗೆ ತೋರಿಸಿದ್ದು ದಂಡ ಸೂಚಿಸುವ ಕಪ್ಪು ಬಾವುಟ. ಹಿಂದೆ ಬಂದ ಅಲಿಸನ್‌ಗೆ ಗೆಲುವಿನ ಚೌಕುಳಿ ಬಾವುಟ ಬೀಸಿದರು. ರಡ್‌ಗೆ 5 ಸೆಕೆಂಡ್ ದಂಡ, ಎರಡನೇ ಸ್ಥಾನ. ಆ ತೀರ್ಪು ಸರಿಯೋ ಎಂಬ ಚರ್ಚೆ ನಡೆಯಿತು, ನಡೆಯಲಿ. ಆಟವೇನೂ ಮುಳುಗಲಿಲ್ಲ. ಅಂದು ಇಲ್ಲದ ಸೌಕರ್ಯ ಇಂದು ಇದೆ: ಪ್ರತಿ ಕಾರಿನ ಬ್ರೇಕು, ಸ್ಟಿಯರಿಂಗ್, ವೇಗದ ದಾಖಲೆ ಅಧಿಕಾರಿಗಳ ಮುಂದಿರುತ್ತದೆ. ಡಿಲನ್ ಪ್ರಕರಣದಲ್ಲಿ ಅದನ್ನೂ ತಂಡದ ರೇಡಿಯೊ ಮಾತುಗಳನ್ನೂ ನ್ಯಾಸ್ಕಾರ್ ಬಳಸಿಯೂ ಇತ್ತು. ಬ್ರೇಕ್ ಎಲ್ಲಿ ಒತ್ತಿದ, ಆ ವೇಗದಲ್ಲಿ ತಿರುವು ಸಿಗುತ್ತಿತ್ತೇ ಎಂಬುದು ಅಂದಾಜಿನ ಮಾತಾಗಿ ಉಳಿದಿಲ್ಲ.

ಆದರೂ ಈ ನಿಯಮ ಕಹಿಯಾಗುವ ಸಂದರ್ಭಗಳಿವೆ ಎಂದು ಒಪ್ಪಲೇಬೇಕು. 2022ರ ಮಾರ್ಚ್ 27ರಂದು ಆಸ್ಟಿನ್‌ನ ಕೊನೆಯ ಲ್ಯಾಪಿನಲ್ಲಿ ಮುಂದಿದ್ದ ರಾಸ್ ಚಾಸ್ಟೇನ್‌ನನ್ನು ಎ.ಜೆ. ಆಲ್ಮೆಂಡಿಂಗರ್ ಗುದ್ದಿ ದಾಟಿದ. ಕೆಲವೇ ತಿರುವುಗಳ ನಂತರ ಚಾಸ್ಟೇನ್ ಅವನನ್ನು ತಿರುಗಿ ಗುದ್ದಿದ. ಆಲ್ಮೆಂಡಿಂಗರ್ ಅಲೆಕ್ಸ್ ಬೋಮನ್‌ಗೆ ಬಡಿದು ಜಲ್ಲಿಗೆ ಹೋಗಿ ಬಿದ್ದ. ಚಾಸ್ಟೇನ್ ತನ್ನ ಮೊದಲ ಕಪ್ ಗೆಲುವನ್ನೂ ಅವನ ಟ್ರ್ಯಾಕ್‌ಹೌಸ್ ತಂಡ ತನ್ನ ಮೊದಲ ಗೆಲುವನ್ನೂ ಪಡೆದವು. ಫ್ಲಾರಿಡಾದ ಕಲ್ಲಂಗಡಿ ಬೆಳೆಗಾರರ ಮನೆಯ ಹುಡುಗ ಕಾರಿನ ಮೇಲೆ ಹತ್ತಿ ಕಲ್ಲಂಗಡಿ ಒಡೆದ, ಜನ ಕುಣಿದರು. ನನ್ನ ಅಳತೆ ಹಿಡಿದರೆ ಆಲ್ಮೆಂಡಿಂಗರ್‌ನ ಮೊದಲ ಗುದ್ದು ಪಾಸಾಗುತ್ತದೆ: ಚಾಸ್ಟೇನ್ ತಿರುಗಲಿಲ್ಲ, ಮರುತ್ತರ ಕೊಡುವಷ್ಟು ಹತ್ತಿರವೇ ಉಳಿದ. ಚಾಸ್ಟೇನ್‌ನ ಉತ್ತರ ಪಾಸಾಗುವುದಿಲ್ಲ. ದಂಡದ ಸೆಕೆಂಡುಗಳನ್ನು ಸೇರಿಸಿದರೆ ಗೆಲುವು ಎರಡನೆಯವನಾಗಿ ಗೆರೆ ದಾಟಿದ ಬೋಮನ್‌ಗೆ ಹೋಗುತ್ತದೆ. ಆ ಸಂಜೆಯ ಸಂಭ್ರಮವನ್ನು ಹೀಗೆ ಕಸಿಯುವುದು ನನಗೂ ಹಿತವಲ್ಲ. ಆದರೆ 33ನೇ ಸ್ಥಾನದಲ್ಲಿ ಮುಗಿಸಿದ ಆಲ್ಮೆಂಡಿಂಗರ್‌ಗೆ, ನಿನ್ನ ಲೆಕ್ಕವನ್ನು ಇನ್ನೊಂದು ಭಾನುವಾರ ನೀನೇ ನೋಡಿಕೋ ಎಂದು ಹೇಳಿ ಕಳಿಸುವುದಕ್ಕಿಂತ ಅದು ಮೇಲು.